ಉಡಿಯಲ್ಲಿ ಹೋದ ಊರು

ಅಪ್ಪ ಬೆಳಗಾವಿಯಿಂದ ಆ ಡಬ್ಬಿ ತಂದ ದಿನ ನಮ್ಮ ಮನೆಯಲ್ಲಿ ಮೊದಲು ಆದದ್ದು ಜಗಳ. ನಾನು ಕೇಳಿದ್ದು ಟೈಪಿಂಗ್ ಕಲಿಸುವ ಡಿಸ್ಕ್. ಅಪ್ಪ ಕಂಪ್ಯೂಟರ್ ಅಂಗಡಿಯಲ್ಲಿ ನಿಂತು "ಮನ್ಯಾಗ ಹುಡಿಗ್ಯಾರು ಅದಾರ, ಏನರ ಛಲೋದು ಕೊಡ್ರಿ" ಅಂದಿದ್ದರಂತೆ. ಅಂಗಡಿಯವನು ಊರು ಕಟ್ಟುವ ಆಟವೊಂದನ್ನು ಕೊಟ್ಟು ಕಳಿಸಿದ್ದ. ಡಬ್ಬಿ ಒಂದು ಸೇರು ಅವಲಕ್ಕಿ ಹಿಡಿಯುವಷ್ಟು ದೊಡ್ಡದು. ಒಳಗೆ ಒಂದೇ ಒಂದು ಡಿಸ್ಕ್, ಒಂದು ತೆಳ್ಳನೆಯ ಪುಸ್ತಕ, ಉಳಿದದ್ದೆಲ್ಲ ಗಾಳಿ. ಬೈಲಹೊಂಗಲದಲ್ಲಿ ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿ ಇಟ್ಟುಕೊಂಡು ದಿನವಿಡೀ ಹತ್ತಿ, ಶೇಂಗಾ ಚೀಲಗಳ ನಡುವೆ ಕೂರುತ್ತಿದ್ದ ಅಪ್ಪನಿಗೆ ಇದು ಹಾಡುಹಗಲ ಮೋಸವಾಗಿ ಕಂಡಿತು. ಡಬ್ಬಿಯನ್ನು ಬೋರಲು ಹಾಕಿ ತಟ್ಟಿ ನೋಡಿದರು.

"ಇಷ್ಟನ?" ಅಂದರು. "ಉಳದ ಮಾಲು ಎಲ್ಲೈತಿ?"

ನಾನು ಆ ಆಟವನ್ನು ಒಂದು ದಿನ ಆಡಿ ಬಿಟ್ಟೆ. ನನ್ನ ಕೈಯಲ್ಲಿ ಊರು ಏಳಲಿಲ್ಲ. ಕಟ್ಟಿದ ಮನೆಗಳಿಗೆ ಜನ ಬರಲಿಲ್ಲ, ಬಂದವರು ನಿಲ್ಲಲಿಲ್ಲ. ತಾಳ್ಮೆ ಅನ್ನುವುದು ನನಗೆ ಮೊದಲಿನಿಂದಲೂ ಕಡಿಮೆ. ಅದನ್ನು ಹಿಡಿದುಕೊಂಡವಳು ಅಕ್ಕ. ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ದಿನವಾಗಿತ್ತು. ಅವಳು ಚೊಚ್ಚಲ ಬಾಣಂತನಕ್ಕೆಂದು ರಾಮದುರ್ಗದಿಂದ ತವರಿಗೆ ಬಂದು, ಗಂಡುಮಗುವನ್ನು ಹೆತ್ತು, ಒಳಕೋಣೆಯಲ್ಲಿ ಮಲಗಿದ್ದಳು. ಅಂಗಡಿಯ ಲೆಕ್ಕಕ್ಕೆಂದು ಕೊಂಡ ಕಂಪ್ಯೂಟರೂ ಅದೇ ಕೋಣೆಯಲ್ಲಿತ್ತು. ಅಂಗಡಿಯ ಧೂಳಿನಲ್ಲಿ ಅದು ಬಾಳುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಅಪ್ಪ ಅದನ್ನು ಮನೆಗೆ ತಂದು, ಮೇಲೊಂದು ಟವೆಲ್ ಹೊದಿಸಿ ಇಟ್ಟಿದ್ದರು.

ನಮ್ಮ ಅಜ್ಜಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಬಾಣಂತಿ ಕಿವಿಗೆ ಗಾಳಿ ಹೋಗಬಾರದು, ಕಣ್ಣಿಗೆ ಬೆಳಕು ಬಡಿಯಬಾರದು, ತಣ್ಣೀರು ಮುಟ್ಟಬಾರದು ಎಂದು ಆಯಿಯ ಕಾಯಿದೆ. ಕಾಯಿದೆಯಲ್ಲಿ ಕಂಪ್ಯೂಟರ್ ಬರೆದಿರಲಿಲ್ಲವಾದ್ದರಿಂದ ಅಕ್ಕ ಬಚಾವಾದಳು. ತಲೆಗೆ, ಕಿವಿಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಮಂಚದ ಅಂಚಿಗೆ ಕೂತು, ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ತೂಗುತ್ತ, ಕೈಯಲ್ಲಿ ಮೌಸ್ ಹಿಡಿದು ಅವಳು ಊರು ಕಟ್ಟಿದಳು. ಮಗು ಅತ್ತರೆ ಕಾಲು ಜೋರಾಗುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಆಟ ಸರಳವಾದದ್ದು. ಮೊದಲು ಒಂದು ಬಯಲು, ಅದರಲ್ಲಿ ಒಂದು ಹೊಳೆ. ರಸ್ತೆ ಎಳೆಯಬೇಕು, ಕರೆಂಟು ತರಬೇಕು, ನೀರಿನ ಪೈಪು ಹಾಕಬೇಕು. ಎಲ್ಲ ಸರಿಯಿದ್ದರೆ ಜನ ತಾವಾಗಿಯೇ ಬಂದು ಮನೆ ಮಾಡುತ್ತಾರೆ. ಬೇಸರವಾದರೆ ಗಂಟುಮೂಟೆ ಕಟ್ಟುತ್ತಾರೆ. ನಳಕ್ಕೆ ನೀರು ಯಾವಾಗ ಬಂದೀತೆಂದು ಕೊಡ ಇಟ್ಟುಕೊಂಡು ಕಾಯುವ ಓಣಿಯಲ್ಲಿ ಬೆಳೆದ ಅಕ್ಕ ಮನೆಗಳಿಗಿಂತ ಮೊದಲು ನೀರಿನ ಟಾಕಿ ಕಟ್ಟಿದಳು, ಆಮೇಲೆ ಇನ್ನೊಂದು. ಬಸ್ ನಿಲ್ದಾಣವನ್ನು ಶಾಲೆಯ ಎದುರಿಗೇ ಇಟ್ಟಳು. ಆಯಿ ಆಗಾಗ ಬಂದು ಕನ್ನಡಕ ಏರಿಸಿಕೊಂಡು ನೋಡಿ, "ಗುಡಿ ಇಲ್ಲದ್ದು ಎಂಥಾ ಊರಽ?" ಎಂದು ಮುಖ ಸಿಂಡರಿಸುತ್ತಿದ್ದರು. ಅಕ್ಕ ಗುಮ್ಮಟದಂಥ ಒಂದು ಕಟ್ಟಡ ತೋರಿಸಿ ಅದು ಹನಮಪ್ಪನ ಗುಡಿ ಅಂದುಬಿಟ್ಟಳು. ನಿಜಕ್ಕೂ ಅದು ಕುಸ್ತಿ, ಓಟದ ಪಂದ್ಯ ನಡೆಸುವ ಕ್ರೀಡಾಂಗಣ. ಆಯಿ ದೂರದಿಂದಲೇ ಕೈ ಮುಗಿದರು.

ಅಕ್ಕ ರಾಮದುರ್ಗಕ್ಕೆ ಹೊರಟ ದಿನ ಅವ್ವ ಉಡಿ ತುಂಬಿದಳು. ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಬೇರು, ಕುಪ್ಪಸದ ಖಣ ಹಾಕಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಎಲ್ಲ ಮುಗಿಯಿತು ಅನ್ನುವಾಗ ಆಯಿ ಒಳಕೋಣೆಗೆ ಹೋಗಿ ಡಿಸ್ಕನ್ನು ತಂದರು. ಅದಕ್ಕೆ ಕುಂಕುಮ ಹಚ್ಚಲು ಹೋದಾಗ ನಾನು ಕಿರುಚಿಕೊಂಡದ್ದಕ್ಕೆ, ಡಿಸ್ಕನ್ನು ಬಿಟ್ಟು ಅದರ ಪ್ಲಾಸ್ಟಿಕ್ ಕವಚಕ್ಕೆ ಹಚ್ಚಿ ಅಕ್ಕನ ಉಡಿಗೆ ಹಾಕಿದರು.

"ಆಕಿ ಊರು ಆಕಿ ಕೂಡನ ಹೋಗ್ಲಿ," ಅಂದರು.

ನಾವೆಲ್ಲ ಒಪ್ಪಿದೆವು. ಡಿಸ್ಕ್ ಹಾಕಿದರೆ ಊರು ಬರುತ್ತದೆ, ತೆಗೆದರೆ ಹೋಗುತ್ತದೆ. ಅಂದಮೇಲೆ ಊರು ಡಿಸ್ಕಿನೊಳಗೇ ಇದೆ. ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದ ನನಗೂ ಇದರಲ್ಲಿ ಅನುಮಾನ ಬರಲಿಲ್ಲ.

ಅಕ್ಕನ ಗಂಡನನ್ನು ನಾನು ಮಾಮಾ ಅನ್ನುತ್ತೇನೆ. ರಾಮದುರ್ಗದಲ್ಲಿ ಅವರದು ಸೀರೆ ಅಂಗಡಿ, ಮನೆಯ ಮುಂದಿನ ಭಾಗದಲ್ಲಿಯೇ. ಕೆಲವು ತಿಂಗಳ ಮೇಲೆ ಅವರೂ ಬಿಲ್ಲು ಮಾಡಲೆಂದು ಕಂಪ್ಯೂಟರ್ ತಂದರು. ಆ ವಾರವೇ ಅಕ್ಕನ ಫೋನು ಬಂತು. ಧ್ವನಿ ಸರಿ ಇರಲಿಲ್ಲ.

"ಡಿಸ್ಕ್ ಹಾಕಿದ್ನಿ. ಬರೇ ಬಯಲು ಬರಾಕತ್ತೈತಿ. ಹೊಳಿ ಐತಿ, ನನ್ನ ಊರಿಲ್ಲ. ನೀ ಏನರ ಮಾಡಿದೇನ?"

ನನಗೆ ಸಿಟ್ಟು ಬಂತು. ನಾನೇನು ಊರು ಕದಿಯುವವಳೇ? ಫೋನಿಟ್ಟು ನಮ್ಮ ಕಂಪ್ಯೂಟರ್ ಹಚ್ಚಿ ಆಟವನ್ನು ಒತ್ತಿದೆ. ಅದು 'ಡಿಸ್ಕ್ ಹಾಕಿರಿ' ಎಂದು ಕೇಳುತ್ತ ನಿಂತಿತು. ಆಗ ನನ್ನ ತಲೆಗೆ ಹೊಳೆಯಿತು. ಅಕ್ಕ ಕಟ್ಟಿದ್ದೆಲ್ಲ ಈ ಕಂಪ್ಯೂಟರಿನ ಹೊಟ್ಟೆಯಲ್ಲಿಯೇ ಉಳಿದಿತ್ತು. ಊರು ಬೈಲಹೊಂಗಲದಲ್ಲಿ, ಅದರ ಬೀಗದ ಕೈ ರಾಮದುರ್ಗದಲ್ಲಿ.

ಹಾಗಾದರೆ ಡಿಸ್ಕನ್ನು ನಾಲ್ಕು ದಿನದ ಮಟ್ಟಿಗೆ ತರಿಸೋಣ ಅಂದೆ. ಅವ್ವ, ಆಯಿ ಇಬ್ಬರೂ ಒಂದೇ ಉಸಿರಿಗೆ ಬ್ಯಾಡ ಅಂದರು. ಉಡಿಯಲ್ಲಿ ಕೊಟ್ಟದ್ದನ್ನು ತವರಿಗೆ ತಿರುಗಿ ತರಬಾರದು. ತಂದರೆ ಮಗಳ ಸಂಸಾರಕ್ಕೆ ಒಳ್ಳೆಯದಲ್ಲ. ಅದು ಡಿಸ್ಕು, ತೆಂಗಿನಕಾಯಿ ಅಲ್ಲ ಅಂದೆ. ಆಯಿ ಬಾಯಿ ಮುಚ್ಚು ಅಂದರು. ಅಕ್ಕನೂ ಒಪ್ಪಲಿಲ್ಲ. ಅವಳ ಅತ್ತೆ ನೋಡಿದರೆ ಏನೆಂದುಕೊಂಡಾರು ಎಂಬ ಅಂಜಿಕೆ ಅವಳಿಗೆ. ಮಾಮಾ ಒಳ್ಳೆಯ ಮನುಷ್ಯ, ಸಮಾಧಾನ ಮಾಡಲು ಹೋಗಿ, "ಹೋಗ್ಲಿ ಬಿಡು, ಇಲ್ಲೇ ಹೊಸಾದು ಕಟ್ಟು, ಏನಾತು?" ಅಂದರಂತೆ.

"ಎಷ್ಟ ಸಲ ಹೊಸಾದು ಕಟ್ಟಬೇಕ್ರಿ?" ಅಂದಳಂತೆ ಅಕ್ಕ. ಅವಳು ಇದನ್ನು ಫೋನಿನಲ್ಲಿ ನನಗೆ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ನಮ್ಮ ಪೇಟೆಯಲ್ಲಿ ಆಗ ಇಂಟರ್ನೆಟ್ ಅಂಗಡಿಯೊಂದು ಶುರುವಾಗಿತ್ತು. ಮೊದಲು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಮುಸ್ಲಿಂ ಗೃಹಸ್ಥರೊಬ್ಬರು ಕ್ಯಾಸೆಟ್ಟುಗಳನ್ನು ಅಟ್ಟಕ್ಕೆ ಹಾಕಿ ಮೂರು ಕಂಪ್ಯೂಟರ್ ಇಟ್ಟಿದ್ದರು. ನನ್ನ ಕಥೆ ಕೇಳಿ ಅವರಿಗೆ ಭಾರಿ ಹುರುಪು ಬಂತು. "ಡಿಸ್ಕ್ ಯಾಕ ಬೇಕ್ರಿ ಅಕ್ಕಾರ? ಇನ್ ಮ್ಯಾಲೆ ಎಲ್ಲಾ ತಾರಿನಾಗ ಬರತೈತಿ. ಆಟಾನ ಇಳಿಸಿಬಿಡೂಣು," ಅಂದರು. ಡೌನ್‌ಲೋಡ್ ಅನ್ನುವುದಕ್ಕೆ ನಮ್ಮಲ್ಲಿ ಆಗ ಹುಟ್ಟಿದ ಮಾತು ಅದು, ಇಳಿಸುವುದು. ಬೆಳಿಗ್ಗೆ ಹಚ್ಚಿದರೆ ಮಧ್ಯಾಹ್ನಕ್ಕೆ ಅರ್ಧ ಇಳಿಯುತ್ತಿತ್ತು, ಅಷ್ಟರಲ್ಲಿ ಯಾರೋ ಅವರ ನಂಬರಿಗೆ ಫೋನು ಮಾಡುತ್ತಿದ್ದರು, ಫೋನಿಗೂ ಇಂಟರ್ನೆಟ್ಟಿಗೂ ಒಂದೇ ತಂತಿಯಾದ್ದರಿಂದ ಲೈನು ಕಡಿದುಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಒಮ್ಮೆ ಕರೆಂಟು ಹೋಯಿತು. ಒಮ್ಮೆ ಅವರ ಮಾವನವರೇ ನೇಸರಗಿಯಿಂದ ಫೋನು ಮಾಡಿದರು. ಆವತ್ತು ಅವರು ಮಾವನಿಗೆ ಬೈಯಲಾರದೆ ಫೋನಿನ ಡಬ್ಬಿಗೆ ಬೈದರು.

ದಿನಾ ಸಂಜೆ ಅಪ್ಪ ಕೇಳುವರು, "ಇಳೀತೇನ?" ಅವರ ಲೆಕ್ಕದಲ್ಲಿ ಇಳಿಸುವುದೆಂದರೆ ಲಾರಿಯಿಂದ ಹಮಾಲರು ಚೀಲ ಇಳಿಸುವುದು. ಇಳಿದ ಮೇಲೆ ಅದು ಕಣ್ಣಿಗೆ ಕಾಣಬೇಕು, ಕಾಲಿಗೆ ತಾಗಬೇಕು. ಕಡೆಗೂ ಒಂದು ದಿನ ಪೂರ್ತಿ ಇಳಿಯಿತು. ಅಂಗಡಿಯವರು ಅದನ್ನು ಖಾಲಿ ಡಿಸ್ಕಿಗೆ ಹಾಕಿಕೊಟ್ಟರು. ನಾನು ಓಡುತ್ತಲೇ ಮನೆಗೆ ಬಂದು ಹಚ್ಚಿದೆ. ಬಯಲು ಬಂತು, ಹೊಳೆ ಬಂತು. ಹಳೆಯ ಊರು ತೆರೆಯಲು ಒತ್ತಿದರೆ, ಇದು ನೋಡಲಿಕ್ಕೆಂದು ಪುಕ್ಕಟೆ ಕೊಟ್ಟ ತುಣುಕು, ಇದರಲ್ಲಿ ಅದೆಲ್ಲ ಆಗುವುದಿಲ್ಲ, ಪೂರ್ತಿ ಬೇಕಾದರೆ ಡಿಸ್ಕ್ ಕೊಳ್ಳಿರಿ ಎಂದು ಇಂಗ್ಲಿಷಿನಲ್ಲಿ ನಯವಾಗಿ ಬರೆದಿತ್ತು. ನಾನು ಮೌಸನ್ನು ಮೇಜಿಗೆ ಬಡಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪನಿಗೆ ಅರ್ಥ ಮಾಡಿಸಿದೆ.

"ಹಾಂ, ಹಂಗನ್ನು," ಅಂದರು ಅಪ್ಪ. "ಇಳದಿದ್ದು ಮಾಲಲ್ಲ, ನಮೂನಿ." ಚೀಲದಿಂದ ಹಿಡಿಯಷ್ಟು ಹತ್ತಿ ಕಿತ್ತು ತೋರಿಸುವುದಕ್ಕೆ ಅವರ ಅಡತಿಯಲ್ಲಿ ನಮೂನಿ ಅನ್ನುತ್ತಾರೆ. ಇಷ್ಟು ದಿನ ನನಗೂ ಇಂಟರ್ನೆಟ್ ಅಂಗಡಿಯವರಿಗೂ ತಿಳಿಯದ್ದು ಅವರಿಗೆ ಒಂದೇ ಮಾತಿನಲ್ಲಿ ತಿಳಿದದ್ದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ನಾಗರ ಪಂಚಮಿಗೆ ಅಕ್ಕ ತವರಿಗೆ ಬಂದಳು, ಡಿಸ್ಕ್ ಬಿಟ್ಟೇ ಬಂದಳು. ಅಷ್ಟರಲ್ಲಿ ಅವಳ ಒಳಕೋಣೆಯಲ್ಲಿ ಮಂಚ ತೆಗೆದು ಗೋಡೆಯುದ್ದಕ್ಕೂ ಕಡಲೆ ಚೀಲ ಒಟ್ಟಿದ್ದೆವು. ಅಂಗಡಿಯಲ್ಲಿ ಜಾಗ ಸಾಲದೆ ಹಾಗೆ ಮಾಡಿದ್ದು, ಬೇರೇನೂ ಅಲ್ಲ. ಅವಳು ಬಾಗಿಲಲ್ಲಿ ನಿಂತು ಚೀಲಗಳನ್ನು ನೋಡಿದಳು, ಆಮೇಲೆ ಮಗುವನ್ನು ಎತ್ತಿಕೊಂಡು ಪಡಸಾಲೆಗೆ ಹೋಗಿ ಮಲಗಿದಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಜೋಕಾಲಿ ಆಡಿದಳು, ಉಂಡಿ ತಿಂದಳು, ಎಲ್ಲರೊಂದಿಗೆ ನಕ್ಕಳು, ಹೋದಳು. ಕಂಪ್ಯೂಟರಿನ ಟವೆಲ್ ತೆಗೆಯಲೇ ಇಲ್ಲ.

ದೀಪಾವಳಿ ಹತ್ತಿರ ಬಂದಾಗ ಅಪ್ಪ, ಕಂಪ್ಯೂಟರ್ ಬಹಳ ನಿಧಾನವಾಗಿದೆ, ಪಾಡ್ಯದ ಹೊಸ ಲೆಕ್ಕಕ್ಕೆ ಮೊದಲು ರಿಪೇರಿಯವನನ್ನು ಕರೆಸಿ ಪೂರ್ತಿ ಅಳಿಸಿ ಹೊಸದಾಗಿ ತುಂಬಿಸುತ್ತೇನೆ ಅಂದರು. ಅಳಿಸಿದರೆ ಅಕ್ಕನ ಊರೂ ಹೋದಂತೆಯೇ. ಟಾಕಿಗಳು, ಬಸ್ ನಿಲ್ದಾಣ, ಆಯಿ ಕೈ ಮುಗಿದ ಗುಡಿ, ಎಲ್ಲ. ಅಂದು ಊಟಕ್ಕೂ ಏಳದೆ ಆಟದ ಪ್ರತಿಯೊಂದು ಫೋಲ್ಡರನ್ನೂ ಬಿಚ್ಚುತ್ತ ಹೋದೆ. ಒಂದರೊಳಗೆ, ಅಕ್ಕ ಊರಿಗೆ ಇಟ್ಟ ಹೆಸರಿನದೇ ಒಂದು ಸಣ್ಣ ಫೈಲು ಕೂತಿತ್ತು. ಅಷ್ಟು ದೊಡ್ಡ ಊರು ಒಂದು ಫ್ಲಾಪಿಯಲ್ಲಿ ಹಿಡಿಸಿತು, ಇನ್ನೂ ಜಾಗ ಉಳಿಯಿತು. ಫ್ಲಾಪಿಯನ್ನು ನಂಬುವಂತಿಲ್ಲ ಎಂದು ಇನ್ನೊಂದಕ್ಕೂ ಹಾಕಿದೆ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ತಿಂಗಳು ಒದ್ದಾಡಿದೆನಲ್ಲ ಎಂದು ನನಗೆ ನನ್ನ ಮೇಲೆಯೇ ಬೇಸರವಾಯಿತು.

ಮರುದಿನ ಬಸ್ ಹತ್ತಿದೆ. ಸವದತ್ತಿಯಲ್ಲಿ ಇಳಿದು ಇನ್ನೊಂದು ಬಸ್ ಹಿಡಿಯಬೇಕಿತ್ತು. ದೇವಿಯ ಗುಡ್ಡಕ್ಕೆ ಹೋಗಿ ಬಂದವರಿಂದ ನಿಲ್ದಾಣ ತುಂಬಿತ್ತು, ಹಣೆ, ಕೆನ್ನೆ, ಬುಟ್ಟಿ, ಸೀಟು ಎಲ್ಲದರ ಮೇಲೂ ದೇವಿಯ ಭಂಡಾರದ ಅರಿಶಿಣ ಪುಡಿ. ಒಬ್ಬ ಅಜ್ಜಿ ಪ್ರೀತಿಯಿಂದ ನನ್ನ ಹಣೆಗೂ ಹಚ್ಚಲು ಬಂದಾಗ ನಾನು ಚೀಲವನ್ನು ಬೆನ್ನ ಹಿಂದೆ ಸರಿಸಿ ಮುಖ ಮುಂದೆ ಒಡ್ಡಿದೆ. ಪುಡಿ ಒಳಗೆ ಹೋದರೆ ಫ್ಲಾಪಿ ಕೆಡುತ್ತದೆ ಎಂಬುದೊಂದೇ ಯೋಚನೆ.

ರಾಮದುರ್ಗ ಮುಟ್ಟಿದಾಗ ಮಧ್ಯಾಹ್ನ. ಮಾಮಾ ಊಟ ಮಾಡಿ ಮಲಗಿದ್ದರು, ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಪಕ್ಕದ ಓಣಿಯಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಅಕ್ಕ ಕಪಾಟಿನಿಂದ ಡಿಸ್ಕ್ ತೆಗೆದಳು. ಅದರ ಕವಚದ ಮೇಲೆ ಕುಂಕುಮ ಇನ್ನೂ ಹಾಗೇ ಇತ್ತು. ಮೊದಲನೆಯ ಫ್ಲಾಪಿ ಕರಕರ ಅಂದು ಸುಮ್ಮನಾಯಿತು. ಅಕ್ಕ ನನ್ನ ಮುಖ ನೋಡಿದಳು. ಎರಡನೆಯದನ್ನು ಹಾಕಿದೆ. ಫೈಲನ್ನು ಜಾಗಕ್ಕೆ ಸೇರಿಸಿ ಆಟ ತೆರೆದೆ.

ಊರು ಬಂತು. ಹೊಳೆ, ಎರಡು ಟಾಕಿ, ಶಾಲೆಯ ಎದುರಿನ ಬಸ್ ನಿಲ್ದಾಣ. ಅಕ್ಕ ಪರದೆಯ ಮೇಲೆ ಬೆರಳಿಟ್ಟು ಓಣಿ ಓಣಿ ನೋಡುತ್ತ ಹೋದಳು.

"ನಾ ಬಿಟ್ಟಾಗ ಹೆಂಗಿತ್ತೋ ಹಂಗ ಐತಿ," ಅಂದಳು. "ಒಂದು ಮನೀನೂ ಅತ್ತಾಗಿತ್ತಾಗ ಆಗಿಲ್ಲ ನೋಡು."

ನನಗೆ ಕಡಲೆ ಚೀಲಗಳು ನೆನಪಾದವು. ಅವಳ ಹೆಗಲ ಮೇಲೆ ಕೈ ಇಟ್ಟೆ.

ಆಗ ಒಳಗಿನಿಂದ ಅವಳ ಅತ್ತೆ ಬಂದರು. ನನಗೆ ಅವರೆಂದರೆ ಹೆದರಿಕೆ. ಮಾತು ಕಡಿಮೆ, ನೋಟ ಜಾಸ್ತಿ. ಮದುವೆಯಾಗಿ ಈ ಮನೆಗೆ ಬಂದು ತಲೆಗೂದಲು ಬೆಳ್ಳಗಾದರೂ ಆ ಓಣಿಯಲ್ಲಿ ಅವರನ್ನು ಕರೆಯುವುದು ಈಗಲೂ ತವರೂರಿನ ಹೆಸರಿನಿಂದ, 'ಸಿರಸಂಗಿಯಾಕಿ' ಎಂದೇ. ಅವರು ಪರದೆಯ ಹತ್ತಿರ ಬಾಗಿದರು.

"ಇದ್ಯಾವ ಊರವಾ?"

"ನಂದರಿ ಅತ್ತಿ."

"ನಿಂದಂದ್ರ? ಬೈಲಹೊಂಗಲ ಏನು?"

"ಅಲ್ರಿ."

"ಮತ್ತ ನಮ್ಮ ರಾಮದುರ್ಗ?"

"ಅದೂ ಅಲ್ರಿ." ಅಕ್ಕನ ಧ್ವನಿ ಸಣ್ಣದಾಯಿತು, ಆದರೆ ನಿಲ್ಲಲಿಲ್ಲ. "ನಂದು."

ಈಗ ಬೈಗುಳ ಬಿತ್ತು ಅಂದುಕೊಂಡೆ. ಅತ್ತೆ ಗಿರಾಕಿಗಳು ಕೂರುವ ಸ್ಟೂಲನ್ನು ಎಳೆದುಕೊಂಡು ಅಕ್ಕನ ಪಕ್ಕಕ್ಕೆ ಕೂತರು. ರಸ್ತೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಅಕ್ಕ ಹೇಳಿದಳು. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಅದರಾಗ ನನಗೂ ಒಂದು ಮನಿ ಕಟ್ಟವಾ," ಅಂದರು. "ಹೊಳಿ ದಂಡಿಗೆ ಮಾತ್ರ ಬ್ಯಾಡ, ಹೊಳಿ ತುಂಬಿದ್ರ ನೀರು ಮನ್ಯಾಗ ಬರತೈತಿ."

ಅಕ್ಕ ಮೌಸ್ ಹಿಡಿದು ಎತ್ತರದ ಜಾಗ ಹುಡುಕತೊಡಗಿದಳು.