ಸೂತಕದ ದಿನ ತೊಳೆದ ಕಲ್ಲುಗಳು

ಕಲ್ಲನ್ನು ತೊಳೆದರೆ ಏನು ಹಾಳಾಗುತ್ತದೆ, ಹೇಳಿ? ಹೋದ ತಿಂಗಳವರೆಗೆ ನಾನೂ ಏನಿಲ್ಲ ಅಂತಲೇ ತಿಳಿದಿದ್ದೆ.

ಮಲ್ಕಾಜ್‌ಗಿರಿಯಲ್ಲಿರುವ ನನ್ನ ಅಕ್ಕ ಸುಮತಿಯ ಗಂಡ ತೀರಿಕೊಂಡರು. ಅವರ ಮಗಳು ಪಲ್ಲವಿ ಆಗ ಭೂವಿಜ್ಞಾನದ ಸಂಶೋಧನೆಗೆಂದು ವಿಕಾರಾಬಾದ್ ಕಡೆ ಫೀಲ್ಡ್‌ವರ್ಕ್‌ನಲ್ಲಿದ್ದಳು. ಸುದ್ದಿ ಕೇಳಿದವಳು ಕಲ್ಲಿನ ಚೀಲದ ಸಮೇತ ನೇರ ಮನೆಗೆ ಬಂದಳು. ಚೀಲ ಬಾಲ್ಕನಿಯಲ್ಲೇ ಉಳಿಯಿತು.

ಸೂತಕ ಕಳೆಯುವ ದಿನ ಮನೆಯೆಲ್ಲ ತೊಳೆಯುವುದು ನಮ್ಮ ಪದ್ಧತಿ. ಅಕ್ಕ ಆ ಕಲ್ಲುಗಳನ್ನೂ ಬಿಡಲಿಲ್ಲ. ಸೋಪಿನ ಪುಡಿ ಹಾಕಿ, ಬ್ರಷ್‌ನಿಂದ ತಿಕ್ಕಿ, ಬಿಸಿಲಿಗೆ ಒಣಹಾಕಿದಳು. (ತಲೆ ತಗ್ಗಿಸಿ ತಿಕ್ಕುವವರು ಅಳುವುದು ಯಾರಿಗೂ ಕಾಣುವುದಿಲ್ಲ.)

ಪಲ್ಲವಿ ನೋಡಿದವಳೇ ಅಲ್ಲೇ ಕೂತು ಒಂದೊಂದೇ ಕಲ್ಲನ್ನು ತಿರುಗಿಸಿ ನೋಡಿದಳು. "ಅಮ್ಮಾ, ಇದರ ಮ್ಯಾಲೆ ಬಾಣದ ಗುರ್ತು ಇತ್ತಲ್ಲ, ಎಲ್ಲಿ ಹೋತು?"

"ಏನೋ ಪೆನ್ನಿನ ಗೀಟು ಇತ್ತವಾ. ಮೈಲಿಗಿ ಅಂತ ತಿಕ್ಕಿದೆ."

ಸ್ವಲ್ಪ ಹೊತ್ತಿನ ಮೇಲೆ ಪಲ್ಲವಿ ನನಗೆ ವಿವರಿಸಿದಳು. ಕೆಸರು ಕಲ್ಲಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ಆಗಿನ ಉತ್ತರ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಿಯ ಕಾಂತಕ್ಷೇತ್ರದ ಉತ್ತರ-ದಕ್ಷಿಣ ಎಷ್ಟೋ ಸಲ ಅದಲುಬದಲಾಗಿದೆ; ಅದರ ಜೊತೆ ಹೋಲಿಸಿ ಕಲ್ಲಿನ ಕಾಲ ಹೇಳಬಹುದು. ಆದರೆ ನೆಲದಿಂದ ಕೀಳುವ ಮೊದಲೇ ಈಗಿನ ಉತ್ತರ ಯಾವ ಕಡೆ ಅಂತ ಕಲ್ಲಿನ ಮೇಲೆ ಬಾಣ ಬರೆಯಬೇಕು. ಬಾಣ ಹೋದರೆ ಕಲ್ಲು ನೆಲದಲ್ಲಿ ಯಾವ ಕಡೆ ಮುಖ ಮಾಡಿತ್ತು ಅಂತ ತಿಳಿಯುವುದಿಲ್ಲ; ಅಲ್ಲಿಗೆ ಮುಗಿಯಿತು.

ಆ ಕಲ್ಲುಗಳಿದ್ದ ಪದರದಲ್ಲೇ ಅವಳಿಗೆ ಇಲಿಯಷ್ಟು ಸಣ್ಣ ಸಸ್ತನಿಯೊಂದರ ಹಲ್ಲು ಸಿಕ್ಕಿತ್ತು. ಅದು ಡೈನೋಸಾರ್‌ಗಳ ಜೊತೆ ಬದುಕಿತ್ತೋ, ಅವು ಅಳಿದ ಮೇಲೆ ಬಂತೋ? ಅವಳ ಪಿಎಚ್‌ಡಿ ನಿಂತದ್ದೇ ಈ ಪ್ರಶ್ನೆಯ ಮೇಲೆ.

"ಮತ್ತ ಹೋಗಿ ತಂದ್ರಾತಲ್ಲ?" ಅಂದೆ.

"ಎಲ್ಲಿಂದ ತರ್ಲಿ ಮಾಮಾ? ಜೆಸಿಬಿ ತಂದು ಗುಡ್ಡಾ ಸಪಾಟ್ ಮಾಡ್ಯಾರಂತ. ಪ್ಲಾಟ್ ಹಾಕಾಕತ್ತಾರ. ಮಳಿಗೆ ತಕ್ಕಂಗ ಮಣ್ಣಿನ್ಯಾಗ ಕಾಂತದ ಕಣ ಹೆಚ್ಚುಕಡಿಮಿ ಆಗ್ತಾವ; ಅದಕ್ಕ ಈ ಕಲ್ಲಿನ ಕಾಂತಶಕ್ತಿ ಅಳದು ಆಗ ಮಳಿ ಹೆಂಗಿತ್ತು ಅಂತ ಇನ್ನೂ ಹೇಳಬಹುದು. ಯಾವ ಕಾಲದ ಮಳಿ ಅಂತ ಹೇಳಾಕ ಬರಂಗಿಲ್ಲ."

ನನಗೆ ಅಕ್ಕನ ಮೇಲೆ ಸಿಟ್ಟೇ ಬಂತು. ಒಂದು ಮಾತು ಕೇಳಬಾರದಾಗಿತ್ತೇ? ಬೈಯಲು ಬಾಯಿ ತೆರೆದೆ. ಪಲ್ಲವಿ ಕಣ್ಸನ್ನೆಯಲ್ಲೇ ತಡೆದಳು.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಗಳ ಪಕ್ಕ ಕೂತಳು. "ಅವತ್ತ ನಿಮ್ಮಪ್ಪನ ಅಂಗೀನೂ ತೊಳದ್ನಲ್ಲ ಪಲ್ಲೂ. ಈಗ ಮೂಸಿ ನೋಡಿದ್ರ ಬರೇ ಸೋಪಿನ ವಾಸನಿ ಬರ್ತೈತಿ."

ಇಬ್ಬರೂ ತಬ್ಬಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ.

ಸಾವಿನ ಮನೆಯಲ್ಲಿ ಏನೇನು ತೊಳೆಯಬೇಕು ಅಂತ ಹೇಳಲು ಅಷ್ಟು ಜನ ಹಿರಿಯರು ಸೇರಿದ್ದರು. ಏನನ್ನು ತೊಳೆಯಬಾರದು ಅಂತ ಹೇಳಲು ಒಬ್ಬರಾದರೂ ಬೇಡವೇ?