ನಿಂಬೆಹಣ್ಣು ಇಡದ ಆಯುಧಪೂಜೆ

ಅವರ ಬಲಗಿವಿ ಎಡಗಿವಿಗಿಂತ ಕಪ್ಪಗಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ವರ್ಷಗಟ್ಟಲೆ ಹಾಗೆ ಒತ್ತಿ ಒತ್ತಿ ಗ್ರೀಸು ಕಿವಿಯ ಅಂಚಿಗೇ ಇಳಿದುಹೋಗಿತ್ತು. ಬೆಳಿಗ್ಗೆ ಹಣೆಯ ಮೇಲೆ ಅಚ್ಚಬಿಳಿಯ ವಿಭೂತಿ. ಮಧ್ಯಾಹ್ನದ ಹೊತ್ತಿಗೆ ಅದೂ ಕಿವಿಯ ಬಣ್ಣಕ್ಕೇ ತಿರುಗಿರುತ್ತಿತ್ತು. ಒಂಟಿಕೊಪ್ಪಲಿನಲ್ಲಿ ಅವರ ಗಾಡಿ ರಿಪೇರಿಯ ಶೆಡ್ಡು. ನಾವು ಮೇಸ್ತ್ರಿಗಳು ಎನ್ನುತ್ತಿದ್ದೆವು.

ನನ್ನ ಗಂಡ ಶಾಲೆಗೆ ಮಕ್ಕಳನ್ನು ಬಿಡಲು ಒಂದು ವ್ಯಾನು ಕೊಂಡಿದ್ದರು. ಕೊಂಡ ವರ್ಷವೇ ಅವರಿಗೆ ಲಕ್ವ ಹೊಡೆಯಿತು. ಅವರು ಹಾಸಿಗೆ ಹಿಡಿದರು, ನಾನು ಸ್ಟೀರಿಂಗು ಹಿಡಿದೆ. ಕಲಿಸಿದವರು ಮೇಸ್ತ್ರಿಗಳೇ. ಮಂಡಕಳ್ಳಿ ಕಡೆಯ ಖಾಲಿ ರಸ್ತೆಯಲ್ಲಿ ಒಂದು ವಾರ ಪಕ್ಕದಲ್ಲಿ ಕೂತು ಬೈಯದೆ ಕಲಿಸಿದರು. ತೊಂಬತ್ತರ ದಶಕದ ಮೈಸೂರಿನಲ್ಲಿ ವ್ಯಾನು ಓಡಿಸುವ ಹೆಂಗಸನ್ನು ಜನ ನಿಂತು ನೋಡುತ್ತಿದ್ದರು. "ಅವ್ರು ನೋಡ್ಲಿ ಬುಡಿ. ನೀವು ರಸ್ತೆ ನೋಡಿ" ಎನ್ನುತ್ತಿದ್ದರು.

ಯಾದವಗಿರಿಯ ಎಂಟು, ಒಂಟಿಕೊಪ್ಪಲಿನ ಆರು, ಒಟ್ಟು ಹದಿನಾಲ್ಕು ಮಕ್ಕಳು. ಒಂಬತ್ತು ವರ್ಷ ಓಡಿಸಿದೆ. ಮೀಟರು ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಶುರುಮಾಡಿ, ಆಮೇಲೆ ಬೇಸರವಾಗಿ ನಿಂತೇಹೋಯಿತು. ಅಲ್ಲಿಂದಾಚೆಗೆ ತಿಂಗಳಿಗೊಂದು ರಿಪೇರಿ. ಗೇರ್‌ಬಾಕ್ಸ್ ಬಿಚ್ಚಿಸಿ ಕಟ್ಟಿಸಿದ್ದೇನಲ್ಲ, ಕ್ಲಚ್ಚಿಗೋಸ್ಕರ ಬಿಡುವುದೇ ಎಂದು ಕ್ಲಚ್ಚು ಹಾಕಿಸಿದೆ. ಕ್ಲಚ್ಚು ಹಾಕಿಸಿದ್ದೇನಲ್ಲ, ರೇಡಿಯೇಟರಿಗೋಸ್ಕರ ಬಿಡುವುದೇ ಎಂದು ಅದನ್ನೂ ಮಾಡಿಸಿದೆ. ಮಾಡಿಸಿದ ಒಂದೊಂದು ರಿಪೇರಿಯೂ ನನ್ನನ್ನು ಆ ವ್ಯಾನಿಗೇ ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕುತ್ತಿತ್ತು. ಬಿಟ್ಟರೆ ಮನೆ ನಡೆಯದು, ಬಿಡದಿದ್ದರೆ ವ್ಯಾನು ನಡೆಯದು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡೇ ದಿನಾ ಬೆಳಿಗ್ಗೆ ಹಾರನ್ ಹೊಡೆಯುತ್ತಿದ್ದೆ.

ಎರಡು ಸೀಟುಗಳ ನಡುವೆ ಎಂಜಿನ್ನಿನ ಕಬ್ಬಿಣದ ಮುಚ್ಚಳವಿತ್ತು. ಅದರ ಮೇಲೆ ನನ್ನ ಊಟದ ಚೀಲ. ಆ ಮುಚ್ಚಳ ಎತ್ತುವ ಹಕ್ಕು ಮೇಸ್ತ್ರಿಗಳಿಗೆ ಮಾತ್ರ. ಪ್ರತಿ ಕೆಲಸ ಮುಗಿದ ಮೇಲೆ ಸಣ್ಣ ಬ್ರಶ್ಶಿನಿಂದ ಮುಚ್ಚಳದ ಒಳಮೈಗೆ ಹಳದಿ ಬಣ್ಣದಲ್ಲಿ ಏನೋ ಗೀಚುತ್ತಿದ್ದರು. ಏನೆಂದು ಕೇಳಿದರೆ, "ಗಾಡಿ ಜಾತಕ ಕಣಮ್ಮ, ನನ್ಗೇ ಮರ್ತೋಯ್ತದೆ" ಎನ್ನುತ್ತಿದ್ದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಅಮ್ಮಾ, ಒಂದ್ ಮಾತು..." ಎಂದು ಶುರುಮಾಡುವರು. ನಾನು ಗಡಿಯಾರ ನೋಡುತ್ತಾ, "ಗಾಡಿ ರೆಡಿಯಾ? ಅಷ್ಟು ಹೇಳಿ ಸಾಕು" ಎನ್ನುವೆ. ಅವರು ಕೀ ಚಾಚುವರು.

ಒಂಬತ್ತನೆಯ ವರ್ಷ ಆಯುಧಪೂಜೆಯ ಹಿಂದಿನ ದಿನ ವ್ಯಾನನ್ನು ತೊಳೆಸಲೆಂದು ಶೆಡ್ಡಿಗೆ ತಂದೆ. ಅಡಿಗೆ ಮೆತ್ತಿದ್ದ ಮಣ್ಣೆಲ್ಲ ಇಳಿದ ಮೇಲೆ ಮೇಸ್ತ್ರಿಗಳು ಕೆಳಗೆ ನುಗ್ಗಿ ಬಹಳ ಹೊತ್ತು ಮಲಗಿದ್ದರು. "ಬಗ್ ನೋಡಿ" ಎಂದು ಕರೆದರು. ಸೆರಗು ಸಿಕ್ಕಿಸಿಕೊಂಡು ಬಗ್ಗಿದೆ. ಕಿವಿಗೆ ಇಟ್ಟುಕೊಳ್ಳುವ ಅದೇ ಸ್ಕ್ರೂಡ್ರೈವರನ್ನು ಇಡೀ ಗಾಡಿಯನ್ನು ಹೊರುವ ಚಾಸಿಸ್ಸಿಗೆ ಒತ್ತಿದರು. ಹಣ್ಣಾದ ಪರಂಗಿಗೆ ಚಾಕು ಇಳಿದಂತೆ ಒಳಗೆ ಹೋಯಿತು.

"ಇದು ಇನ್ನು ಮಕ್ಕಳನ್ನ ಹೊರೋ ಗಾಡಿ ಅಲ್ಲ ಕಣಮ್ಮ."

"ಪ್ಯಾಚ್ ಹಾಕಿ. ಹೋದ ಸಲ ಹಿಂದಿನ ಬಾಗಿಲಿಗೆ ಹಾಕ್ಲಿಲ್ವಾ?"

"ವೆಲ್ಡಿಂಗ್ ಇಡಿಯೋಕೆ ಕಬ್ಣ ಇರ್ಬೇಕಲ್ಲಮ್ಮ. ಇಲ್ಲಿರೋದು ಬರೀ ತುಕ್ಕು."

ನನಗೆ ಎಲ್ಲಿತ್ತೋ ಸಿಟ್ಟು. ನಾಲ್ಕು ಜನರ ಎದುರಿಗೇ ಕೂಗಾಡಿದೆ. "ಒಂಬತ್ತು ವರ್ಷ ಈ ಗಾಡಿಯಿಂದ್ಲೇ ಊಟ ಮಾಡಿದ್ರಿ. ಈಗ ಕೈ ಎತ್ತುತೀರಾ? ಮೊದ್ಲೇ ಹೇಳೋಕೆ ಏನಾಗಿತ್ತು ನಿಮ್ಗೆ ರೋಗ?"

"ಬಾಯಿಗ್ ಬಂದಿತ್ತು. ನುಂಗ್ಬುಟ್ಟೆ" ಎಂದರು. ತಪ್ಪು ಮುಚ್ಚಿಕೊಳ್ಳಲು ಹೇಳಿದ ಮಾತು ಅಂದುಕೊಂಡೆ. ವ್ಯಾನಿನ ಕೀಯನ್ನು ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡು, "ಕೊಡಾಕಿಲ್ಲ. ಪೊಲೀಸ್ಗೆ ಬೇಕಾದ್ರೂ ಹೇಳ್ಬುಡಿ" ಎಂದರು.

ಮಾರನೆಯ ದಿನ ಶೆಡ್ಡಿನ ಎಲ್ಲ ಗಾಡಿಗಳ ಜೊತೆ ನನ್ನ ವ್ಯಾನಿಗೂ ಪೂಜೆ ಮಾಡಿದರು. ವಿಭೂತಿ ಬಳಿದು, ಹಾರ ಹಾಕಿ, ಬೂದುಗುಂಬಳ ಒಡೆದರು. ಚಕ್ರಗಳ ಕೆಳಗೆ ಮಾತ್ರ ನಿಂಬೆಹಣ್ಣು ಇಡಲಿಲ್ಲ. ಹೊರಡದ ಗಾಡಿಗೆ ನಿಂಬೆಹಣ್ಣು ಯಾಕೆ? ನಾನು ಅತ್ತದ್ದು ಆಗ. ಮನೆಯಲ್ಲಿ ಮಲಗಿದ್ದ ಗಂಡನಿಗೆ ಏನು ಹೇಳಲಿ, ಹದಿನಾಲ್ಕು ಮನೆಯವರಿಗೆ ಏನು ಹೇಳಲಿ ಎಂದು ತೋಚದೆ ಅತ್ತೆ.

ದಸರಾ ರಜೆ ಮುಗಿದ ದಿನ ಬೆಳಿಗ್ಗೆ ಮೇಸ್ತ್ರಿಗಳು ತಮ್ಮ ಹಳೆಯ ಬಿಳಿ ಅಂಬಾಸಿಡರ್ ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದರು. "ಎಲ್ಡು ಟ್ರಿಪ್ ಹೊಡೀರಿ. ಅಡಿ ಗಟ್ಟಿ ಅದೆ, ನೋಡಿವ್ನಿ" ಎಂದು ಕೀ ಕೊಟ್ಟು ನಡೆದೇ ಹೋದರು. ಸಾಲ ಸಿಕ್ಕಿ ಬೇರೆ ವ್ಯಾನು ಬರುವವರೆಗೆ, ನಾಲ್ಕು ತಿಂಗಳು, ಆ ಕಾರು ಓಡಿಸಿದೆ. ಅಷ್ಟೂ ದಿನ ಅವರು ಶೆಡ್ಡಿಗೆ ನಡೆದುಕೊಂಡು ಹೋಗುತ್ತಿದ್ದರು. ನನ್ನ ಬಿಗುಮಾನ ನೋಡಿ: ಕೀ ಹಿಂದಿರುಗಿಸುವಾಗಲೂ ಒಂದು ಒಳ್ಳೆಯ ಮಾತು ಆಡಲಿಲ್ಲ.

ಕೆಲವು ವರ್ಷಗಳ ಮೇಲೆ ಎದೆನೋವೆಂದು ಮಲಗಿದ ಮೇಸ್ತ್ರಿಗಳು ಏಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿ ಹೇಳಿಕಳಿಸಿದರು. ಶೆಡ್ಡು ಖಾಲಿ ಮಾಡುವಾಗ ಗೋಡೆಗೆ ಒರಗಿಸಿದ್ದ ಒಂದು ಕಬ್ಬಿಣದ ಮುಚ್ಚಳ ಸಿಕ್ಕಿತಂತೆ. "ನಿಮ್ಮ ಗಾಡೀದೇ ಕಣಮ್ಮ. ಗುಜರಿಗೆ ಹಾಕುವಾಗ ಇದೊಂದ್ನ ಮಾತ್ರ ಬಿಚ್ಚಿಟ್ಕೊಂಡಿದ್ರು" ಎಂದರು.

ಒಂಬತ್ತು ವರ್ಷ ಊಟದ ಚೀಲ ಇಟ್ಟ ಮುಚ್ಚಳವನ್ನು ಮೊದಲ ಸಲ ತಿರುಗಿಸಿ ನೋಡಿದೆ. ಹಳದಿ ಅಕ್ಷರದಲ್ಲಿ ಸಾಲು ಸಾಲು, ತಾರೀಖಿನ ಸಮೇತ. ಗೇರ್‌ಬಾಕ್ಸ್. ಕ್ಲಚ್ಚು, ಅದರ ಮುಂದೆ: ಅಡಿಯಲ್ಲಿ ತುಕ್ಕು, ಅಮ್ಮನಿಗೆ ಹೇಳಬೇಕು. ರೇಡಿಯೇಟರ್, ಅದರ ಮುಂದೆ: ಹೇಳಬೇಕು. ಹಿಂದಿನ ಬಾಗಿಲು, ಅದರ ಮುಂದೆ: ಹೇಳಲೇಬೇಕು. ಆ ಮೂರು ಸಲವೂ ಅವರು ಕೈ ಒರೆಸಿಕೊಳ್ಳುತ್ತಾ "ಅಮ್ಮಾ, ಒಂದ್ ಮಾತು" ಎಂದದ್ದು, ನಾನು ಗಡಿಯಾರ ನೋಡಿದ್ದು ನೆನಪಾಯಿತು. ಕೇಳಿಸಿಕೊಂಡರೆ ಏನು ಕೇಳಿಸುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಅವರ ಬಾಯಿ ಮುಚ್ಚಿಸಿದ್ದೆ.

ಕೊನೆಯ ಸಾಲು ಆಯುಧಪೂಜೆಯ ಹಿಂದಿನ ದಿನದ್ದು. ಅದರಲ್ಲಿ ರಿಪೇರಿಯ ಹೆಸರಿರಲಿಲ್ಲ.

ಹೇಳಿದೆ. ಬೈದರು. ಮಕ್ಕಳು ಕ್ಷೇಮ.