ಎರಡನೇ ಸಲದ ಹೆಬ್ಬೆಟ್ಟು

ಡೊಂಬಿವಲಿ ಪೂರ್ವದಲ್ಲಿ ಲತೇಶ ಹತ್ತದ ಟೆರೇಸು ಇರಲಿಲ್ಲ. ಕಾರ್ಕಳದ ಕಡೆಯಿಂದ ಬಂದವನು. ಚಿಕ್ಕಪ್ಪನ ಹೋಟೆಲಿನ ಮೇಜು ಒರೆಸುವುದು ಸಾಕಾಗಿ 2004ರಲ್ಲಿ ತ್ರಿವೇಣಿ ನೆಟ್ ಎಂಬ ಕಂಪನಿ ಸೇರಿದ. ಕಟ್ಟಡದಿಂದ ಕಟ್ಟಡಕ್ಕೆ ಇಂಟರ್‌ನೆಟ್ ತಂತಿ ಎಳೆಯುವುದು ಅವನ ಕೆಲಸ. ಮಳೆಗಾಲದಲ್ಲಿ ಲೈನು ಹೋದರೆ ಜನ ಕಂಪನಿಗೆ ಫೋನು ಮಾಡುತ್ತಿರಲಿಲ್ಲ, ಲತೇಶನನ್ನೇ ಕರೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದರು. ಹನ್ನೆರಡು ವರ್ಷ ಹೀಗೆ ಮರ್ಯಾದೆಯಿಂದ ಕಳೆಯಿತು. ಮರ್ಯಾದೆಯ ಮಾತನ್ನು ಇಲ್ಲೇ ಆಡಿ ಮುಗಿಸಬೇಕು, ಮುಂದೆ ಅದಕ್ಕೆ ಜಾಗವಿಲ್ಲ.

2016ರಲ್ಲಿ ಕಂಪನಿಗೆ ಮೊಬೈಲಿನ ಹುಚ್ಚು ಹತ್ತಿತು. ಮನೆಗೆ ಇಂಟರ್‌ನೆಟ್ ಕೊಟ್ಟವರು ಜೇಬಿಗೂ ಯಾಕೆ ಕೊಡಬಾರದು ಎಂದು ದೊಡ್ಡವರಿಗೆ ಅನಿಸಿತು. ದೊಡ್ಡವರಿಗೆ ಅನಿಸಿದ್ದಕ್ಕೆ ಬಿಸಿಲಲ್ಲಿ ನಿಲ್ಲುವವರು ಬೇರೆ. ತಂತಿ ಎಳೆಯುವವರನ್ನೆಲ್ಲ ಕರೆದು, ಇನ್ನು ಸಿಮ್ ಮಾರಿ, ಆಗದಿದ್ದರೆ ಮನೆಯಲ್ಲಿರಿ ಎಂದರು. ಲತೇಶನಿಗೆ ನಲವತ್ತರ ಹತ್ತಿರ. ಬೇರೆ ವಿದ್ಯೆ ಇಲ್ಲ, ಮಗಳು ಶ್ರದ್ಧಾ ಇನ್ನೂ ಐದನೆಯ ಕ್ಲಾಸು. ಕಲ್ಯಾಣ ಸ್ಟೇಶನ್ನಿನ ಹೊರಗೆ ಕಂಪನಿಯ ಛತ್ರಿ ನೆಟ್ಟು, ಹೆಬ್ಬೆಟ್ಟಿನ ಗುರುತು ಹಿಡಿಯುವ ಪುಟ್ಟ ಯಂತ್ರ ಮುಂದಿಟ್ಟುಕೊಂಡು ಕುಳಿತ.

ದಿನಕ್ಕೆ ಮೂವತ್ತು ಸಿಮ್ ಹೋಗಬೇಕು ಎಂದು ಹುಕುಂ. ಹತ್ತು ಹೋಗುವುದೇ ಕಷ್ಟ. ಎರಡು ವಾರ ಬೈಗುಳ ತಿಂದ ಮೇಲೆ ಅವನ ಮೇಲಿನವನು, ಮನೀಶ, ಪಕ್ಕದಲ್ಲಿ ಕುಳಿತು ದಾರಿ ತೋರಿಸಿದ. ಗಿರಾಕಿ ಹೆಬ್ಬೆಟ್ಟು ಒತ್ತಿದಾಗ ಒಂದು ಸಿಮ್ ಚಾಲೂ ಆಗುತ್ತದೆ. ಯಂತ್ರ ಹಿಡಿಯಲಿಲ್ಲ ಎಂದು ಹೇಳಿ ಇನ್ನೊಮ್ಮೆ ಒತ್ತಿಸಬೇಕು. ಆಗ ಅದೇ ಹೆಸರಿನಲ್ಲಿ ಎರಡನೆಯದು ಚಾಲೂ. ಅದು ಉಲ್ಹಾಸನಗರದ ಒಂದು ಅಂಗಡಿ ಮಾರಿದ್ದೆಂದು ದಾಖಲಾಗುತ್ತದೆ, ಸಂಜೆ ಮನೀಶ ಅದನ್ನು ಒಯ್ಯುತ್ತಾನೆ. ಯಾರಿಗೆ ಮಾರುತ್ತಾನೆಂದು ಲತೇಶ ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ.

ಓದು ಬಾರದವರು, ಊರು ಹೊಸದಾದವರು ಈ ಆಟಕ್ಕೆ ಸುಲಭ. ಕನ್ನಡದವರು ಇನ್ನೂ ಸುಲಭ. ಛತ್ರಿಯ ಕೆಳಗಿಂದ ಕನ್ನಡ ಕೇಳಿದರೆ ಸಾಕು, ವಿಜಯಪುರ, ಕಲಬುರಗಿಯ ಕೂಲಿಯವರು ತಾವಾಗಿಯೇ ಬರುತ್ತಿದ್ದರು. ಮರುವರ್ಷದ ಬೇಸಿಗೆಯಲ್ಲಿ ಚಂದ್ರಾಮ ಬಂದದ್ದೂ ಹಾಗೆಯೇ. ವಿಜಯಪುರದ ಕಡೆಯ ಹಳ್ಳಿಯಿಂದ ಹೆಂಡತಿ ದ್ರೌಪದಿಯೊಂದಿಗೆ ಬಂದು ತಿಂಗಳಾಗಿತ್ತು, ಹೊಸ ಕಟ್ಟಡವೊಂದರಲ್ಲಿ ಗಾರೆ ಕಲಸುತ್ತಿದ್ದ. ಹಿಂದಿ ಬರುತ್ತಿದ್ದುದು ಉಸುಕು, ಇಟ್ಟಿಗೆ ಕೇಳುವಷ್ಟು.

"ಅಣ್ಣಾರ, ಊರಾಗ ಅವ್ವನ ಕೂಡ ಮಾತಾಡ್ಲಾಕ ಬೇಕ್ರಿ," ಎಂದು ಹೆಬ್ಬೆಟ್ಟು ಒತ್ತಿದ.

ಯಂತ್ರ ಮೊದಲ ಸಲವೇ ಹಿಡಿಯಿತು. "ಹಿಡಿಲಿಲ್ಲ ಮಾರಾಯ, ಇನ್ನೊಮ್ಮೆ ಒತ್ತು," ಎಂದ ಲತೇಶ.

"ಗಚ್ಚು ಕಲಸಿ ಕಲಸಿ ಬೊಟ್ಟ ಸವದಾವ್ರಿ, ನಿಮಗ ತ್ರಾಸ ಆತು," ಎಂದು ಚಂದ್ರಾಮ ಹೆಬ್ಬೆಟ್ಟನ್ನು ಅಂಗಿಗೆ ಉಜ್ಜಿ ಮತ್ತೆ ಒತ್ತಿದ. ತಪ್ಪು ತನ್ನದೇ ಎಂಬಂತೆ ನಕ್ಕ. ಆ ನಗು ಲತೇಶನಿಗೆ ಅವತ್ತು ಊಟ ಮಾಡುವಾಗ ನೆನಪಾಯಿತು. ಆದರೂ ಊಟ ಸೇರಿತು.

ಮೂರು ತಿಂಗಳ ಮೇಲೆ, ಜಡಿಮಳೆಯಲ್ಲಿ, ದ್ರೌಪದಿ ಓಡುತ್ತ ಛತ್ರಿಯ ಕೆಳಗೆ ಬಂದಳು.

"ಯಣ್ಣಾ, ನಮ್ಮನಿಯವ್ರನ್ನ ಪೊಲೀಸ್ರು ಒಯ್ದಾರ್ರಿ! ಠಾಣೆ ಶಹರದಾಗಿನ ಯಾವ್ದೋ ಮುದುಕಿಗಿ ಬ್ಯಾಂಕಿನವರು ಅಂತ ಫೋನ್ ಮಾಡಿ ಮೋಸ ಮಾಡ್ಯಾರಂತ, ಆ ನಂಬರ್ ಇವ್ರ ಹೆಸರಿಲೆ ಅದ ಅಂತಾರ. ನಮ್ಮ ಮಾತು ಅಲ್ಲಿ ಒಬ್ರಿಗೂ ತಿಳಿಯಂಗಿಲ್ಲ. ನಮಗ ಗೊತ್ತಿದ್ದವ್ರು ನೀವೊಬ್ರಾ. ಬಂದು ಹೇಳ್ರಿ."

ಬರಲಾಗುವುದಿಲ್ಲ ಎಂದು ಲತೇಶ ಹೇಳಬಹುದಿತ್ತು. ಆದರೆ ತಾನು ಹೋಗದಿದ್ದರೆ ಪೊಲೀಸರು ಇನ್ಯಾವನಾದರೂ ಕನ್ನಡದವನನ್ನು ಹುಡುಕುತ್ತಾರೆ, ಅವನು ಚಂದ್ರಾಮನ ಮಾತನ್ನೆಲ್ಲ ಇದ್ದ ಹಾಗೇ ಹೇಳಿಬಿಡುತ್ತಾನೆ. ಅದಕ್ಕೇ ಎದ್ದ. ರಿಕ್ಷಾದಲ್ಲಿ ಪಕ್ಕದಲ್ಲಿ ಕುಳಿತ ದ್ರೌಪದಿ ಅಳುತ್ತಲೇ ಇದ್ದಳು. ಮಾರ್ಕೆಟ್ಟು ದಾಟುವ ಹೊತ್ತಿಗೆ ಅವನಿಗೆ ನಿಜಕ್ಕೂ ಪಾಪ ಅನಿಸಿತು. ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದು ಗಟ್ಟಿ ಮನಸ್ಸು ಮಾಡಿದ. ಆ ಹತ್ತು ನಿಮಿಷ ಅವನು ಒಳ್ಳೆಯವನಾಗಿದ್ದ.

ಪೊಲೀಸ್ ಠಾಣೆಯಲ್ಲಿ ಚಂದ್ರಾಮ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಒಂದು ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಅದನ್ನು ನೋಡಿದ್ದೇ, ಆ ಏಟು ತನ್ನ ಕೆನ್ನೆಗೂ ಬೀಳುತ್ತದೆ ಎಂಬುದೊಂದೇ ಲತೇಶನ ತಲೆಯಲ್ಲಿ ಉಳಿಯಿತು. ದ್ರೌಪದಿಯನ್ನು ಬಾಗಿಲ ಹೊರಗೇ ತಡೆದರು. ಹವಾಲ್ದಾರ ಲತೇಶನಿಗೆ ಕುರ್ಚಿ ಕೊಟ್ಟು, ಉಲ್ಹಾಸನಗರದ ಅಂಗಡಿಯಲ್ಲಿ ಇವನು ಸಿಮ್ ತೆಗೆದುಕೊಂಡನೋ ಇಲ್ಲವೋ, ಹೆಬ್ಬೆಟ್ಟು ಎಷ್ಟು ಸಲ ಕೊಟ್ಟ, ಕೇಳು ಎಂದು ಮರಾಠಿಯಲ್ಲಿ ಹೇಳಿದ. ಲತೇಶ ಅದನ್ನೇ ಕನ್ನಡದಲ್ಲಿ ಕೇಳಿದ.

"ಉಲ್ಹಾಸನಗರ ನಾ ಕಣ್ಣಿಲೆ ಕಂಡಿಲ್ರಿ," ಎಂದ ಚಂದ್ರಾಮ. "ಹೆಬ್ಬೆಟ್ಟು ಎರಡು ಸಲ ಕೊಟ್ಟೀನಿ ಖರೆ. ಆದ್ರ ನಿಮ್ಮ ಮುಂದನಾ, ನಿಮ್ಮ ಛತ್ರಿ ಬುಡಕನಾ."

ಲತೇಶ ಹವಾಲ್ದಾರನ ಕಡೆ ತಿರುಗಿದ. ಎರಡು ಸಲ ಕೊಟ್ಟಿದ್ದೇನೆ ಎಂದು ಒಪ್ಪುತ್ತಿದ್ದಾನೆ ಎಂದು ಮರಾಠಿಯಲ್ಲಿ ಹೇಳಿ ಅಲ್ಲಿಗೇ ನಿಲ್ಲಿಸಿದ. ಹವಾಲ್ದಾರ ತಲೆಯಾಡಿಸಿ ಬರೆದುಕೊಂಡ.

"ಮೊದಲ್ನೇದ್ದು ಹಿಡಿಲಿಲ್ಲ ಅಂತ ನೀವಾ ಅಂದಿದ್ರಲ್ರಿ, ಅದನ್ನೂ ಹೇಳ್ರಿ ಅಣ್ಣಾರ," ಎಂದು ಚಂದ್ರಾಮ ಮುಂದಕ್ಕೆ ಬಾಗಿದ.

ಏನನ್ನುತ್ತಾನೆ ಎಂದು ಹವಾಲ್ದಾರ ಪೆನ್ನು ಎತ್ತಿ ಕೇಳಿದ.

"ಬಾಯಾರಿದೆಯಂತೆ," ಎಂದ ಲತೇಶ ಮರಾಠಿಯಲ್ಲಿ.

ಹವಾಲ್ದಾರ ಕೆಟ್ಟವನಲ್ಲ. ಮೇಜಿನ ಮೇಲಿದ್ದ ತನ್ನ ಬಾಟಲಿಯನ್ನೇ ಎತ್ತಿ ಕೊಟ್ಟ. ಇಷ್ಟು ಹೊತ್ತು ಹೊಡೆದವರು ಈಗ ನೀರು ಕೊಟ್ಟರು ಎಂದರೆ ತನ್ನ ಮಾತು ಮುಟ್ಟಿತು ಎಂದುಕೊಂಡ ಚಂದ್ರಾಮ. ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಲತೇಶನಿಗೆ ಎರಡೂ ಕೈ ಜೋಡಿಸಿದ.

"ನೀವು ಇರಲಿಲ್ಲಂದ್ರ ನಮ್ಮ ಮಾತು ಯಾರ್ ಹೇಳ್ತಿದ್ರು ಅಣ್ಣಾರ?"